ತಿಜೋರಿಯ ಬೀಗದಕೈ ಯಾರ ಬಳಿ?

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಗೆ ಪಿಂಚಣಿ ಬರುತ್ತದೆಯೇ? ಬ್ರಿಟನ್ನಿನಲ್ಲಿ ವೃದ್ಧರ ಪಿಂಚಣಿಗೆ ಹಣ ಹೊಂದಿಸಲು ಹೋಗಿ ಪಾರ್ಲಿಮೆಂಟಿನ ನಿಯಮವೇ ಬದಲಾದ ಕಥೆ ಕೇಳಿ.

ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿರುವ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ ಆ ಪಾರ್ಲಿಮೆಂಟು ಸೇರುತ್ತದೆ. ಅದಕ್ಕೆ ಮೂರು ಅಂಗಗಳು: ದೊರೆ, ಹೌಸ್ ಆಫ್ ಲಾರ್ಡ್ಸ್, ಹೌಸ್ ಆಫ್ ಕಾಮನ್ಸ್. ಕಾಮನ್ಸ್ ಸಭೆಯ 650 ಸದಸ್ಯರನ್ನು ಜನರು ಓಟು ಹಾಕಿ ಆರಿಸುತ್ತಾರೆ. ಲಾರ್ಡ್ಸ್ ಸದಸ್ಯರನ್ನು ಜನರು ಆರಿಸುವುದಿಲ್ಲ. ಹಿಂದಿನ ಕಾಲದಲ್ಲಿ ಅವರಲ್ಲಿ ಬಹುಪಾಲು ಜನರಿಗೆ ಅಪ್ಪನ ಪದವಿಯೇ ಆಸ್ತಿಯಂತೆ ಬರುತ್ತಿತ್ತು.

ಕಾನೂನಾಗುವ ಮೊದಲು ಅದು ಮಸೂದೆ. ಮೊದಲ ವಾಚನದಲ್ಲಿ ಮಸೂದೆಯ ಹೆಸರು ಓದುತ್ತಾರೆ, ಅಷ್ಟೇ. ಎರಡನೆಯ ವಾಚನದಲ್ಲಿ ಅದು ಬೇಕೋ ಬೇಡವೋ ಎಂಬ ಚರ್ಚೆ. ಆಮೇಲೆ ಸಮಿತಿಯಲ್ಲಿ ಒಂದೊಂದೇ ಕಲಮಿನ ಪರಿಶೀಲನೆ. ತಿದ್ದುಪಡಿಗಳು ಸಭೆಯ ಮುಂದೆ ಬಂದು, ಮೂರನೆಯ ವಾಚನ ಮುಗಿದರೆ, ಮಸೂದೆ ಇನ್ನೊಂದು ಸಭೆಗೆ ಹೋಗುತ್ತದೆ. ಅಲ್ಲೂ ಇದೇ ಕ್ರಮ. ಕೊನೆಗೆ ದೊರೆಯ ಒಪ್ಪಿಗೆ. 1708ರಲ್ಲಿ ಆನ್ ರಾಣಿ ನಿರಾಕರಿಸಿದ ಮೇಲೆ ಯಾವ ದೊರೆಯೂ ಒಪ್ಪಿಗೆ ತಡೆದಿಲ್ಲ.

ಆದರೆ ಲಾರ್ಡ್ಸ್ ಸಭೆ ಬೇಡವೆಂದರೆ? 1909ರ ಜನವರಿಯಿಂದ, 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಸಿಗತೊಡಗಿತು. ಅದಕ್ಕೂ ಹೊಸ ಯುದ್ಧನೌಕೆಗಳಿಗೂ ಹಣ ಬೇಕಿತ್ತು. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಶ್ರೀಮಂತರ ಆದಾಯ, ಜಮೀನುಗಳ ಮೇಲೆ ತೆರಿಗೆ ಹಾಕುವ ಬಜೆಟ್ ತಂದರು. ಕಾಮನ್ಸ್ ಒಪ್ಪಿತು. ದೊಡ್ಡ ಜಮೀನುದಾರರೇ ತುಂಬಿದ್ದ ಲಾರ್ಡ್ಸ್ ಸಭೆ 350ಕ್ಕೆ 75 ಮತಗಳಿಂದ ತಳ್ಳಿಹಾಕಿತು!

ನಾನಿದ್ದ ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ; ಇಬ್ಬರು ಬಂದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಬ್ರಿಟನ್ನಿನ ಖಜಾನೆಗೂ ಆಗ ಹಾಗೇ ಆಯಿತು. ಎರಡನೆಯ ಬೀಗದಕೈ ಮಾತ್ರ ಜನರು ಆರಿಸದವರ ಬಳಿಯಿತ್ತು.

ಜನರನ್ನೇ ಕೇಳೋಣವೆಂದು 1910ರಲ್ಲಿ ಒಂದೇ ವರ್ಷ ಎರಡು ಚುನಾವಣೆ ನಡೆದವು. ಮೊದಲನೆಯದರ ಬಳಿಕ ಬಜೆಟ್ ಪಾಸಾಯಿತು. ಎರಡನೆಯದರ ಬಳಿಕ, 1911ರಲ್ಲಿ, ಪಾರ್ಲಿಮೆಂಟ್ ಕಾಯ್ದೆ ಬಂತು. ಅಂದಿನಿಂದ ಹಣದ ಮಸೂದೆಯನ್ನು ಲಾರ್ಡ್ಸ್ ಒಂದು ತಿಂಗಳೊಳಗೆ ಒಪ್ಪದಿದ್ದರೂ ಅದು ನೇರ ದೊರೆಯ ಬಳಿಗೆ ಹೋಗುತ್ತದೆ.

ನಮ್ಮ ಸಂವಿಧಾನದಲ್ಲೂ ಇಂಥ ನಿಯಮವಿದೆ. ಹಣದ ಮಸೂದೆ ಮೊದಲು ಬರುವುದು ನಾವು ಆರಿಸಿದ ಲೋಕಸಭೆಗೆ. ರಾಜ್ಯಸಭೆ ಸಲಹೆ ಕೊಡಬಹುದು, ಆದರೆ 14 ದಿನದೊಳಗೆ ಹಿಂದಿರುಗಿಸಬೇಕು. ಮುಂದಿನ ಬಜೆಟ್ ದಿನ ಅಜ್ಜ-ಅಜ್ಜಿಯ ಜೊತೆ ಕೂತು ಟೀವಿ ನೋಡಿ. ಹಣಕಾಸು ಮಂತ್ರಿ ಭಾಷಣ ಓದುವುದು ಯಾವ ಸಭೆಯಲ್ಲಿ, ಗಮನಿಸಿ!