ಗಜೇಂದ್ರಗಡದ ಪಟ್ಟೇದ ಅಂಚು: ಒಂದು ನೇಯ್ಗೆಯ ಪುನರುಜ್ಜೀವನ

ಉತ್ತರ ಕರ್ನಾಟಕದ ನೇಕಾರಿಕೆಯ ಪ್ರಸ್ತಾಪ ಬಂದಾಗ ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಸಲ್ಲುವ ಮನ್ನಣೆ ಗಜೇಂದ್ರಗಡದ ಪಟ್ಟೇದ ಅಂಚಿಗೆ ಸಂದಿರಲಿಲ್ಲ. ನರಗುಂದ, ರೋಣಗಳ ಎರೆಭೂಮಿ ಹತ್ತಿಗೆ ಹೆಸರಾದುದು. ಅದರ ನೆರೆಯಲ್ಲಿ ಗುಡ್ಡದ ಬುಡದ ಗಜೇಂದ್ರಗಡ ನೇಕಾರರ ಊರು. ಒಡಲು ತುಂಬ ಚೌಕಳಿ, ಇಕ್ಕೆಲಗಳಲ್ಲಿ ಬೇರೆ ಬಣ್ಣದ ಅಂಚು: ಇಷ್ಟೇ ಈ ಹತ್ತಿ ಸೀರೆಯ ಅಲಂಕಾರ. ಇದು ಹತ್ತನೆಯ ಶತಮಾನದಷ್ಟು ಹಳೆಯದೆಂಬ ಮಾತು ಪ್ರಚಾರದಲ್ಲಿದೆಯಾದರೂ ಅಂತಹ ಕಾಲನಿರ್ಣಯಕ್ಕೆ ಗಟ್ಟಿ ಆಧಾರ ಬೇಕಾಗುತ್ತದೆ.

ಈ ಸೀರೆ ಹಿಂದೆ ಸರಿದುದೇಕೆಂಬುದಕ್ಕೆ ಮಗ್ಗದಲ್ಲಿಯೇ ಒಂದು ಉತ್ತರವಿದೆ. ಹಾಸಿನ ಬಣ್ಣಗಳನ್ನು ಒಮ್ಮೆ ಕ್ರಮವಾಗಿ ಜೋಡಿಸಿಕೊಂಡರೆ ಮುಗಿಯಿತು; ಹೊಕ್ಕಿನ ಬಣ್ಣವನ್ನು ಮಾತ್ರ ಪ್ರತಿ ಚೌಕಕ್ಕೂ ಬದಲಿಸಬೇಕು. ಕುಣಿಮಗ್ಗದ ನೇಕಾರ ಒಂದು ಲಾಳಿಯನ್ನಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾನೆ, ಎಳೆಗಳನ್ನು ಎಣಿಸುತ್ತಾನೆ, ಒಂದೇ ಬಲದಿಂದ ಬಡಿಯುತ್ತಾನೆ. ಎಣಿಕೆ ತಪ್ಪಿದರೆ ಚೌಕ ಉದ್ದವಾಗುತ್ತದೆ. ಒಂದೇ ಲಾಳಿಯ ಸಾಮಾನ್ಯ ವಿದ್ಯುತ್ ಮಗ್ಗಕ್ಕೆ ಈ ಬದಲಾವಣೆ ಒಗ್ಗದು. ಒಂದೇ ಬಣ್ಣದ ಹೊಕ್ಕು ಅದಕ್ಕೆ ಸುಲಭ, ಅಗ್ಗ.

ಎರಡನೆಯ ಕಾರಣ ಹೆಚ್ಚು ಸೂಕ್ಷ್ಮವಾದುದು. ಹೊಲಗೆಲಸದ ಹೆಂಗಸರು ಉಡುತ್ತಿದ್ದ ಈ ಸೀರೆ ಸವದತ್ತಿ ಯಲ್ಲಮ್ಮನಿಗೆ ಒಪ್ಪಿಸುವ ಉಡುಗೆಯೂ ಆಗಿದ್ದು, ದೇವದಾಸಿಯರ ಬದುಕಿನೊಡನೆ ಬೆಸೆದಿತ್ತು. 1982ರ ಶಾಸನ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆ ಅನಿಷ್ಟ ಪದ್ಧತಿ ಅಳಿಯಬೇಕಾದುದೇ; ಅದರ ನೆರಳು ಬಿದ್ದಿತೆಂದು ನೇಯ್ಗೆಯೂ ಅಳಿಯಬೇಕಿಲ್ಲ.

ವಸ್ತ್ರ ಸಂಶೋಧಕಿ ಹೇಮಲತಾ ಜೈನ್ ಅವರ ಕಾರ್ಯದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಹಳೆಯ ಮಾದರಿಗಳನ್ನು ಅರಸಿ, ‘ಪುನರ್ಜೀವನ’ದ ಮೂಲಕ ಅವರು ಗಜೇಂದ್ರಗಡದ ನೇಕಾರರಿಂದ ಈ ಸೀರೆಯನ್ನು ಮತ್ತೆ ನೇಯಿಸಿದರು. ವೇಲ್ಸ್‌ನಲ್ಲಿ ಹಳೆಯ ಉಣ್ಣೆ ಗಿರಣಿಯೊಂದು 1976ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಉಳಿಸಿಕೊಳ್ಳಲು ಕಟ್ಟಡವಿತ್ತು, ಯಂತ್ರಗಳಿದ್ದವು. ಇಲ್ಲಿನ ಕಾರ್ಖಾನೆಯೆಂದರೆ ಮನೆಯ ನೆಲದಲ್ಲಿ ತೋಡಿದ ಕುಣಿ. ಮಗ್ಗ ಕಿತ್ತು ಕುಣಿ ಮುಚ್ಚಿದರೆ ಗುರುತೂ ಉಳಿಯದು. ಆದ್ದರಿಂದ ಇಲ್ಲಿ ಸಂರಕ್ಷಣೆ ಎಂದರೆ ನೇಯಿಸುವುದು ಮತ್ತು ನೇಯ್ದುದಕ್ಕೆ ಕೊಳ್ಳುವವರನ್ನು ಹುಡುಕುವುದು. ಒಂದು ಕಾಲಕ್ಕೆ ಹೊಲಕ್ಕೆ ಉಟ್ಟುಹೋಗುತ್ತಿದ್ದ ಈ ಚೌಕಳಿ ಸೀರೆಗೆ ಹೊಸ ಗಿರಾಕಿಗಳು ದೊರೆತಿರುವುದು ನಗರಗಳಲ್ಲಿ.