ಒಕ್ಕಲೆದ್ದವರ ನಡುವೆ ಒಬ್ಬ ವೈದ್ಯ

1951ರ ವಿಶ್ವಸಂಸ್ಥೆಯ ಒಪ್ಪಂದವು ಕಿರುಕುಳಕ್ಕೆ ಅಂಜಿ ದೇಶದ ಗಡಿ ದಾಟಿದವರನ್ನು ಮಾತ್ರ ನಿರಾಶ್ರಿತರೆಂದು ಪರಿಗಣಿಸುವುದರಿಂದ, ಅಣೆಕಟ್ಟಿಗೋ ಅಭಯಾರಣ್ಯಕ್ಕೋ ನೆಲ ಬಿಟ್ಟುಕೊಟ್ಟು ತಮ್ಮ ನಾಡಿನೊಳಗೇ ಒಕ್ಕಲೆದ್ದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಊರು, ಗದ್ದೆ, ಗುಡಿಗಳನ್ನು ಕಳೆದುಕೊಂಡ ಆಲೂರು–ಸಕಲೇಶಪುರ ಸೀಮೆಯ ಕುಟುಂಬಗಳಿಗಾಗಲಿ, ಕಾಡಾನೆಗಳ ಹಾವಳಿಗೆ ಬೇಸತ್ತು ಗದ್ದೆ ಪಾಳುಬಿಡುವ ಸ್ಥಿತಿ ತಲುಪಿರುವ ಕೆ. ಹೊಸಕೋಟೆ ಸುತ್ತಿನ ರೈತರಿಗಾಗಲಿ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಜನರ ನಡುವೆ ಆಯುಷ್ಯ ಸವೆಸಿದವರ ಸೇವೆಯನ್ನು ಗೌರವಿಸುವುದು ಹೇಗೆಂದು ಕೇಳಿಕೊಂಡರೆ, ಕರ್ನಾಟಕದಲ್ಲಿ ಮೊದಲು ಕಣ್ಣು ಹೋಗುವುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ, ಅಲ್ಲಿ ನಾಲ್ಕು ದಶಕ ದುಡಿದ ಡಾ. ಎಚ್. ಸುದರ್ಶನ್ ಅವರತ್ತ.

1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಮೇಲೆ, ಕಾಡಿನ ತುಣುಕೊಂದನ್ನು ಸವರಿ ಕೆಲಕಾಲ ರಾಗಿ ಬೆಳೆದು ಮತ್ತೆ ಅದನ್ನು ಕಾಡಿಗೇ ಬಿಟ್ಟು ಮುಂದೆ ಸಾಗುವ, ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಬೇಸಾಯ ನಿಂತಿತು, ಬೇಟೆ ಅಪರಾಧವಾಯಿತು, ಅವರ ಪುಟ್ಟ ನೆಲೆಗಳಾದ ಪೋಡುಗಳಲ್ಲಿ ಅನೇಕವನ್ನು ಕಾಡಿನೊಳಗಿಂದ ಎತ್ತಿ ಬೇರೆಡೆ ಕೂರಿಸಲಾಯಿತು. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ತರುಣ ವೈದ್ಯ ಸುದರ್ಶನ್ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಂದದ್ದು ಈ ಜನರ ಬಳಿಗೆ. ಹಾವು ಕಡಿದವರನ್ನೂ ಕರಡಿ ಸಿಗಿದವರನ್ನೂ ಉಪಚರಿಸುತ್ತ ಸೋಲಿಗರ ನಂಬಿಕೆ ಗಳಿಸಿದ ಅವರಿಗೆ, ರೋಗದ ಬೇರು ಹಸಿವಿನಲ್ಲೂ ಭೂಹೀನತೆಯಲ್ಲೂ ಇದೆಯೆಂಬುದು ಬೇಗ ಮನವರಿಕೆಯಾಯಿತು. ಹೀಗಾಗಿ 1981ರಲ್ಲಿ ಸ್ಥಾಪನೆಯಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯ ಜೊತೆಗೇ ಶಾಲೆ ನಡೆಸಿತು, ಕಸುಬು ಕಲಿಸಿತು, ಜೇನು, ನೆಲ್ಲಿ, ಸೀಗೆಯಂಥ ಕಿರು ಅರಣ್ಯ ಉತ್ಪನ್ನಗಳಿಗೆ ನ್ಯಾಯವಾದ ಬೆಲೆ ಸಿಗಲೆಂದು ಸೋಲಿಗರ ಸಂಘಟನೆಗೆ ಬೆಂಬಲವಾಗಿ ನಿಂತಿತು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತಹೀನತೆಯನ್ನೂ ತೀವ್ರ ನೋವನ್ನೂ ತರುವ ಆನುವಂಶಿಕ ಕಾಯಿಲೆ ಸೋಲಿಗರಲ್ಲಿದೆಯೆಂಬುದನ್ನು ಗುರುತಿಸಿ ಚಿಕಿತ್ಸೆಗೆ ತೊಡಗಿದ್ದು, ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ದಾದಿಯರಾಗಿ ತರಬೇತುಗೊಳಿಸಿದ್ದು ಈ ಕೆಲಸದ ಅತ್ಯಂತ ಗಟ್ಟಿಯಾದ ಭಾಗವೆನ್ನಬೇಕು. ಹೊರಗಿನ ವೈದ್ಯ ಎಂದಾದರೂ ಬೆಟ್ಟ ಇಳಿದಾನು, ಪೋಡಿನ ಮಗಳು ಅಲ್ಲಿಯವಳೇ.

1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗಿಗಳಿಗಾಗಿ ಹುಟ್ಟಿದ ಸುದರ್ಶನ್ ಅವರ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು, ಮುಂದೆ ಅರುಣಾಚಲ ಪ್ರದೇಶದವರೆಗೂ ಆ ಮಾದರಿಯನ್ನು ವಿಸ್ತರಿಸಿತು. ಸರ್ಕಾರ ತನ್ನ ಹೊಣೆಯನ್ನು ಸ್ವಯಂಸೇವಾ ಸಂಸ್ಥೆಗಳ ಹೆಗಲಿಗೆ ದಾಟಿಸುವ ಅಪಾಯ ಇಂಥ ವ್ಯವಸ್ಥೆಯಲ್ಲಿ ಇದ್ದೇ ಇದೆ. ಆದರೆ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿಯೂ ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಜಾಗೃತ ನಿರ್ದೇಶಕರಾಗಿಯೂ ಇಲಾಖೆಯೊಳಗಿನ ಭ್ರಷ್ಟಾಚಾರವನ್ನು ನೇರವಾಗಿ ಎದುರಿಸಿದ ವ್ಯಕ್ತಿ ಸರ್ಕಾರವನ್ನು ಹೊಣೆಯಿಂದ ಬಿಡುಗಡೆಗೊಳಿಸಿದರೆಂದು ಹೇಳುವುದು ನ್ಯಾಯವಾಗದು. ‘ಪರ್ಯಾಯ ನೊಬೆಲ್’ ಎನಿಸಿದ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲಿಯೂ ಪದ್ಮಶ್ರೀ 2000ದಲ್ಲಿಯೂ ಅವರಿಗೆ ಸಂದವು.

ಸೇವಾಸಂಸ್ಥೆ ಕಟ್ಟಿದವರು ಮುಂದಿನವರಿಗೆ ಹೊಣೆ ದಾಟಿಸುವಾಗ ಹಾರ, ಶಾಲು, ಅಭಿನಂದನ ಗ್ರಂಥಗಳಲ್ಲಿ ಗೌರವ ಮುಗಿದುಹೋಗುವುದುಂಟು. ಬಿಳಿಗಿರಿಯಲ್ಲಿ ಗೌರವಕ್ಕೆ ಬೇರೆ ಅಳತೆಯೇ ಇದೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ ಮತ್ತೊಮ್ಮೆ ಒಕ್ಕಲೇಳುವ ಭಯ ಆವರಿಸಿದಾಗ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ಮುಂದೆ ನಿಂತವರು ಸೋಲಿಗರೇ ಆಗಿದ್ದರು. ಅದೇ ವರ್ಷದ ಅಕ್ಟೋಬರ್ 2ರಂದು, ಕಿರು ಉತ್ಪನ್ನ ಸಂಗ್ರಹಿಸುವ ಮತ್ತು ಕಾಡನ್ನು ಕಾಪಾಡುವ ಸಮುದಾಯದ ಹಕ್ಕುಪತ್ರಗಳು ಅವರ ಗ್ರಾಮಸಭೆಗಳ ಕೈಸೇರಿದವು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕಿಗೆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಸೋಲಿಗರಲ್ಲಿ ಮೊದಲ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ಇಂದು ತಮ್ಮ ಜನರ ಕಾಡಿನ ತಿಳಿವಳಿಕೆಯನ್ನು ವಿಜ್ಞಾನಿಗಳೊಡನೆ ಕೂತು ದಾಖಲಿಸುತ್ತಿದ್ದಾರೆ. ಹಿಂದೆ ಬೇಸಿಗೆಯಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಕಳೆ ಕಾಡನ್ನೆಲ್ಲ ಹಬ್ಬಿತೆಂಬ ಹಿರಿಯ ಸೋಲಿಗರ ವಾದವನ್ನು ಪರಿಸರ ಸಂಶೋಧಕರು ಗಂಭೀರವಾಗಿ ಪರಿಶೀಲಿಸಿದ್ದಾರೆ. ಆ ವಾದವನ್ನು ಅರಣ್ಯ ಇಲಾಖೆಯ ಮುಂದಿಡಲು ಸೋಲಿಗರಿಗೆ ಈಗ ವೈದ್ಯರ ಮಧ್ಯಸ್ಥಿಕೆ ಬೇಕಾಗಿಲ್ಲ.