ಮನೆಯ ಪಿಯಾನೋ ಮುದ್ರಣದಲ್ಲಿ ಬೇಡದ ಅನುರಣನ

ಪಿಯಾನೋ ವಾದನವನ್ನು ಮನೆಯಲ್ಲಿಯೇ ಮುದ್ರಿಸಿ ಕಳುಹಿಸುವ ಪದ್ಧತಿಯು ಈಗ ನಮ್ಮ ಕುಟುಂಬಗಳಲ್ಲಿ ರೂಢಿಗೆ ಬಂದಿದೆ. ಲಂಡನಿನ ಸಂಗೀತ ಪರೀಕ್ಷಾ ಮಂಡಳಿಗಳು, ಅಭ್ಯರ್ಥಿಯು ಮುದ್ರಿಸಿ ಕಳುಹಿಸಿದ ವಾದನವನ್ನು ನೋಡಿ ಕೇಳಿ ಅಂಕಗಳನ್ನು ಕೊಡುವ ಪರೀಕ್ಷೆಗಳನ್ನು 2020ನೆಯ ಇಸವಿಯಲ್ಲಿ ಆರಂಭಿಸಿದುವು. ವಾದ್ಯ ನುಡಿಸುವವರಿಲ್ಲದ ಸಣ್ಣ ಸಭೆಗಳ ಆರಾಧನೆಗಾಗಿ ಗೀತೆಗಳ ರಾಗಗಳನ್ನು ಮುದ್ರಿಸಿ ಕಳುಹಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಉಂಟು. ಇವರಲ್ಲಿ ಅನೇಕರ ದೂರು ಒಂದೇ: ನುಡಿಸುವಾಗ ಶುದ್ಧವಾಗಿದ್ದ ಸ್ವರವು ಮುದ್ರಿಕೆಯಲ್ಲಿ ಗುಂಯ್ಯೆಂದು ಮೊರೆಯುವುದು.

ನಮ್ಮಲ್ಲೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುವೆವು. ಹನ್ನೆರಡು ವರ್ಷದ ಬಾಲಕಿಯು ಪರೀಕ್ಷೆಗಾಗಿ ಡಿಜಿಟಲ್ ಪಿಯಾನೋವನ್ನು ನುಡಿಸಿ, ಮೂರು ಸಾಯಂಕಾಲ ಮುದ್ರಿಸಿದಳು. ಮೂರು ಸಲವೂ ಎಡಗೈಯ ತಗ್ಗು ಸ್ವರವೊಂದು ಮಿಕ್ಕವುಗಳನ್ನು ನುಂಗಿಬಿಟ್ಟಿತು. "ಕಾಲನ್ನು ಬೇಗ ಎತ್ತು, ಬೆರಳನ್ನು ಮೃದುವಾಗಿ ಇಡು" ಎಂದು ಹಿರಿಯರಾದ ನಾವು ಗದರಿಸಿದೆವು. ಮಗುವು ಅತ್ತು, ತನಗೆ ಪಿಯಾನೋ ಬಾರದೆಂದು ಮುಚ್ಚಳವನ್ನು ಮುಚ್ಚಿತು. ದೋಷವು ಅವಳ ಕೈಯಲ್ಲಿ ಇರಲೇ ಇಲ್ಲವೆಂಬುದು ನಮಗೆ ತಿಳಿದದ್ದು ಅನಂತರ. ಇನ್ನೊಬ್ಬ ಮಗುವಿಗೆ ಹೀಗಾಗಬಾರದೆಂದು ಈ ಲೇಖನ.

ಅನುರಣನವೆಂದರೇನು? ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರವಿಟ್ಟು ಒಂದನ್ನು ಮೀಟಿದರೆ, ಯಾರೂ ಮುಟ್ಟದ ಇನ್ನೊಂದರ ತಂತಿಯೂ ಮೆಲ್ಲನೆ ಮಿಡಿಯುವುದು. ಪ್ರತಿಯೊಂದು ತಂತಿಗೂ, ತಗಡಿಗೂ, ಪೊಳ್ಳಾದ ಪಾತ್ರೆಗೂ ತನ್ನದೇ ಆದ ಸ್ವರವುಂಟು. ಅದು ಹೊರಗಿನಿಂದ ಕೇಳಿಬಂದಾಗ ಆ ವಸ್ತುವು ಓಗೊಡುವುದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು 1863ರಲ್ಲಿ ಪ್ರಕಟಿಸಿದ ನಾದಶಾಸ್ತ್ರ ಗ್ರಂಥದಲ್ಲಿ, ಪೊಳ್ಳು ಗೋಳಗಳನ್ನು ಕಿವಿಗೆ ಹಿಡಿದು ಒಂದು ನಾದದೊಳಗೆ ಅಡಗಿರುವ ಸ್ವರಗಳನ್ನು ಬೇರ್ಪಡಿಸುವ ಬಗೆಯನ್ನು ವಿವರಿಸಿದ್ದಾನೆ. ನಾವು ಕುಳಿತುಕೊಳ್ಳುವ ಕೋಣೆಯೂ ಒಂದು ದೊಡ್ಡ ಪೊಳ್ಳೇ ಅಲ್ಲವೇ?

ಬೇಡದ ಮೊರೆತವು ಹುಟ್ಟುವ ಸ್ಥಳಗಳು ಮೂರು: ವಾದ್ಯ, ತಂತಿ, ಕೋಣೆ. ಯಾವುದೆಂದು ತಿಳಿಯಲು ಮೊದಲು ಹೆಡ್‌ಫೋನನ್ನು ಪಿಯಾನೋವಿಗೇ ಸಿಕ್ಕಿಸಿ ಆ ಭಾಗವನ್ನು ನುಡಿಸಿ ಕೇಳತಕ್ಕದ್ದು. ಅದರಲ್ಲಿಯೂ ಮೊರೆತವಿದ್ದರೆ ದೋಷವು ವಾದ್ಯದೊಳಗಿದೆ. ಇಲ್ಲದಿದ್ದರೆ ವಾದ್ಯವು ನಿರ್ದೋಷಿ. ತಂತಿಯನ್ನೋ ಕೋಣೆಯನ್ನೋ ವಿಚಾರಿಸಬೇಕು.

ವಾದ್ಯದ ವಿಷಯ. ತಂತಿಗಳುಳ್ಳ ಹಳೆಯ ಪಿಯಾನೋದಲ್ಲಿ ಬಲಗಡೆಯ ಪೆಡಲನ್ನು ತುಳಿದರೆ ಎಲ್ಲಾ ತಂತಿಗಳೂ ಬಿಡುಗಡೆ ಹೊಂದಿ ಒಂದಕ್ಕೊಂದು ಓಗೊಡುವುವು. ಡಿಜಿಟಲ್ ಪಿಯಾನೋದಲ್ಲಿ ತಂತಿಗಳಿಲ್ಲ; ಅನೇಕ ವಾದ್ಯಗಳಲ್ಲಿ ಆ ಓಗೊಡುವಿಕೆಯನ್ನು ಅನುಕರಿಸಿ ಸೇರಿಸಿರುತ್ತಾರೆ. ಸ್ಟ್ರಿಂಗ್ ರೆಸೊನೆನ್ಸ್, ಡ್ಯಾಂಪರ್ ರೆಸೊನೆನ್ಸ್ ಮುಂತಾದ ಹೆಸರುಗಳಿಂದ ಇವು ಕೈಪಿಡಿಯಲ್ಲಿ ಕಾಣುವುವು. ದೊಡ್ಡ ಹಜಾರದಲ್ಲಿ ನುಡಿಸಿದಂತೆ ಕೇಳಿಸುವ ರಿವರ್ಬ್ ಎಂಬುದು ಇನ್ನೊಂದು. ಇವುಗಳನ್ನು ಒಂದೊಂದಾಗಿ ತಗ್ಗಿಸಿ ಕೇಳಬೇಕು. ಪಿಯಾನೋದಲ್ಲಿಯೂ ಕಂಪ್ಯೂಟರಿನಲ್ಲಿಯೂ ರಿವರ್ಬ್ ಇಟ್ಟರೆ ಕೆಸರಿಗೆ ನೀರು ಹೊಯ್ದಂತಾಗುವುದು, ಒಂದೇ ಸಾಕು. ಕಾಲಿಡದಿದ್ದರೂ ಸ್ವರಗಳು ನಿಲ್ಲದೆ ಮೊಳಗಿದರೆ ಪೆಡಲನ್ನು ಸಂದೇಹಿಸಿರಿ. ಅನೇಕ ವಾದ್ಯಗಳು ಚಾಲೂ ಆಗುವಾಗ ಪೆಡಲಿನ ಸ್ಥಿತಿಯನ್ನು ನೋಡಿಕೊಳ್ಳುವುದರಿಂದ, ಆಗ ಅದರ ಮೇಲೆ ಕಾಲಿದ್ದರೆ ಅದರ ಕೆಲಸವು ತಲೆಕೆಳಗಾಗುವುದು. ವಾದ್ಯವನ್ನು ಆರಿಸಿ, ಕಾಲು ತೆಗೆದು, ಪುನಃ ಹೊತ್ತಿಸಿದರೆ ಸರಿಹೋಗುವುದು.

ತಂತಿಯ ವಿಷಯ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದು ಮುದ್ರಿಕೆಯೊಳಗೆ ನುಸುಳಿದರೆ ತಗ್ಗಾದ ಗುಂಯ್‌ಕಾರವಾಗುವುದು. ಇದನ್ನು ಅನುರಣನವೆಂದು ಭ್ರಮಿಸುವುದು ಸುಲಭ. ಗುರುತಿಸುವುದು ಇನ್ನೂ ಸುಲಭ. ಯಾವ ಕೀಯನ್ನೂ ಮುಟ್ಟದೆ ಅರ್ಧ ನಿಮಿಷ ಮುದ್ರಿಸಿರಿ. ಆಗಲೂ ಶಬ್ದವಿದ್ದರೆ ಅದು ವಿದ್ಯುತ್ತಿನದು. ಅನುರಣನವು ಕರೆಯದೆ ಬಾರದು. ಕಂಪ್ಯೂಟರಿನ ಚಾರ್ಜರನ್ನು ತೆಗೆದು ಬ್ಯಾಟರಿಯಿಂದಲೇ ನಡೆಸಿ ನೋಡಿರಿ. ಎರಡೂ ಯಂತ್ರಗಳನ್ನು ಒಂದೇ ಪ್ಲಗ್ ಹಲಗೆಗೆ ಸೇರಿಸಿ ನೋಡಿರಿ. ಆದರೆ ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಎಂದಿಗೂ ತೆಗೆಯಬಾರದು. ಅದು ಪ್ರಾಣರಕ್ಷಣೆಗಾಗಿ ಇರುವುದು. ಸ್ವರವು ಕೊಡದೊಳಗಿನಿಂದ ಬಂದಂತೆ ಕೇಳಿಸಿದರೆ, ಪಿಯಾನೋದ ನೇರವಾದ ಧ್ವನಿಯೂ ಕಂಪ್ಯೂಟರನ್ನು ಹಾದು ಸ್ವಲ್ಪ ತಡವಾಗಿ ಬಂದ ಅದೇ ಧ್ವನಿಯೂ ಒಟ್ಟುಗೂಡಿರಬಹುದು. ಎರಡರಲ್ಲಿ ಒಂದನ್ನು ನಿಲ್ಲಿಸತಕ್ಕದ್ದು.

ಕೊನೆಗೆ ಕೋಣೆ. ಪಿಯಾನೋದ ಸ್ಪೀಕರಿನ ಧ್ವನಿಯನ್ನು ಮೈಕಿನಿಂದಲೋ ಮೊಬೈಲಿನಿಂದಲೋ ಹಿಡಿಯುವವರು ಇದನ್ನು ಗಮನಿಸಬೇಕು. ನಾದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದು. 3.5 ಮೀಟರು, ಅಂದರೆ ಸುಮಾರು ಹನ್ನೊಂದೂವರೆ ಅಡಿ ಉದ್ದದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ಹಿಂದಿರುಗಲು ಅದು 7 ಮೀಟರು ನಡೆಯಬೇಕು. 343ನ್ನು 7ರಿಂದ ಭಾಗಿಸಿದರೆ 49. ಸೆಕೆಂಡಿಗೆ 49 ಕಂಪನಗಳ ಸ್ವರವೇ ಆ ಕೋಣೆಯ ಸ್ವಂತ ಸ್ವರ. 88 ಕೀಗಳ ಪಿಯಾನೋದಲ್ಲಿ ಎಡತುದಿಯಿಂದ ಏಳನೆಯ ಬಿಳಿಯ ಕೀ, ಜಿ ಎಂಬುದು. ಅದರ ಮೇಲಣ ಸ್ಥಾಯಿಯ ಜಿ ಸ್ವರಕ್ಕೂ ಕೋಣೆಯು ಓಗೊಡುವುದು. ನಮ್ಮ ಬಾಲಕಿಯ ಕೋಣೆಯು ಇದೇ ಅಳತೆಯದು. ಮಿಕ್ಕವುಗಳನ್ನು ನುಂಗುತ್ತಿದ್ದ ಸ್ವರವೂ ಇದೇ!

ಗೋಡೆಗಳ ಬಳಿಯಲ್ಲಿಯೂ ಮೂಲೆಗಳಲ್ಲಿಯೂ ತಗ್ಗು ಸ್ವರಗಳು ಗುಂಪುಗೂಡುವುವು. ಆದುದರಿಂದ ಪಿಯಾನೋವನ್ನು ಗೋಡೆಯಿಂದ ಒಂದೆರಡು ಅಡಿ ಈಚೆಗೆ ಎಳೆದು, ಮೈಕನ್ನು ಮೂಲೆಯಿಂದ ದೂರವಿಡಬೇಕು. ಜಮಖಾನ, ಪರದೆಗಳು ಮೇಲುಸ್ವರಗಳ ಪ್ರತಿಧ್ವನಿಯನ್ನು ಹೀರುವುವೇ ಹೊರತು ತಗ್ಗು ಸ್ವರಗಳನ್ನು ಅಷ್ಟಾಗಿ ತಡೆಯಲಾರವು. ಮೈಕಿನ ಕೋಲನ್ನು ಪಿಯಾನೋವಿರುವ ಮೇಜಿನ ಮೇಲೆಯೇ ನಿಲ್ಲಿಸಿದರೆ ಬೆರಳಿನ ಕುಟ್ಟೂ ಮುದ್ರಿತವಾಗುವುದು. ಬೇರೆ ನಿಲ್ಲಿಸಿ ಕೆಳಗೆ ಮಡಿಸಿದ ಕಂಬಳಿಯನ್ನು ಹಾಸಿರಿ. ಬಳಿಕ ಒಬ್ಬರು ಎಡದಿಂದ ಬಲಕ್ಕೆ ಒಂದೊಂದೇ ಕೀಯನ್ನು ನುಡಿಸುತ್ತಿರಲಿ, ಇನ್ನೊಬ್ಬರು ಪಟದ ಗಾಜು, ಬೀರುವಿನ ಬಾಗಿಲು, ಕಿಟಕಿಯ ಚಿಲಕಗಳ ಮೇಲೆ ಕೈಯಿಟ್ಟು ನೋಡುತ್ತಾ ಬರಲಿ. ಆ ಮನೆಯಲ್ಲಿ ನಾಗಂದಿಗೆಯ ಮೇಲಿನ ತಾಮ್ರದ ಚೆಂಬೊಂದು ಹೀಗೆ ಸಿಕ್ಕಿಬಿದ್ದಿತು! ಇಷ್ಟೆಲ್ಲಾ ಮಾಡಿಯೂ ಸರಿಹೋಗದಿದ್ದರೆ ಪಿಯಾನೋದಿಂದ ತಂತಿಯ ಮೂಲಕವೇ ಮುದ್ರಿಸುವುದು ಮೇಲು. ಆಗ ಕೋಣೆಯ ಮಾತೇ ಬರುವುದಿಲ್ಲ. ಪರೀಕ್ಷೆಗೆ ಕಳುಹಿಸುವವರು ಮಾತ್ರ ಮಂಡಳಿಯ ನಿಯಮಗಳನ್ನು ಮೊದಲು ಓದಿಕೊಳ್ಳತಕ್ಕದ್ದು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪುನಃ ಕೇಳುವುದು ಇದರಲ್ಲಿ ಮುಖ್ಯವಾದ ನಿಯಮ. ಹತ್ತನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಕಾರಣವು ತಿಳಿಯದು.

ನಾಲ್ಕನೆಯ ಸಾಯಂಕಾಲ ಬಾಲಕಿಯು ಅದೇ ಬೆರಳುಗಳಿಂದ, ಅದೇ ಪಾಠವನ್ನು ನುಡಿಸಿದಳು. ಸ್ವರಗಳೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತುವು. ಪಿಯಾನೋವನ್ನು ಸರಿಸಿದುದು ಎರಡಡಿಯಷ್ಟೇ. ಆ ದಿನ ನಾವು ಅವಳ ಕ್ಷಮೆಯನ್ನು ಕೇಳಿದೆವು. ಮಕ್ಕಳ ಮೇಲೆ ತಪ್ಪು ಹೊರಿಸುವ ಮೊದಲು ಕೋಣೆಯನ್ನು ಒಂದು ಸಾರಿ ವಿಚಾರಿಸಿಕೊಳ್ಳಬೇಕೆಂದು ತಾಯಿತಂದೆಗಳಲ್ಲಿ ನಮ್ಮ ಬಿನ್ನಹ.